ಮೂರನೇ ಮಗುವಿನ ರೇಷನ್ ಕಾರ್ಡು

ಓದುಗರ ಪತ್ರ: ಜನಸಂಖ್ಯೆ ಹೀಗೇ ಏರುತ್ತಿದ್ದರೆ ಕನ್ನಂಬಾಡಿ ಕಟ್ಟೆಯ ನೀರು ಕುಡಿಯಲೂ ಸಾಲದು. ಮೂರನೇ ಮಗು ಹುಟ್ಟಿದ ಮನೆಯ ರೇಷನ್ ಕಾರ್ಡ್ ರದ್ದು ಮಾಡಬೇಕು, ಅಂಥವರನ್ನು ಪಂಚಾಯಿತಿ ಚುನಾವಣೆಗೆ ನಿಲ್ಲಲು ಬಿಡಬಾರದು. ಚೀನಾ ಮಾಡಿ ತೋರಿಸಲಿಲ್ಲವೇ? ಎಮರ್ಜೆನ್ಸಿಯಲ್ಲಿ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದೇ ತಪ್ಪಾಯಿತು. ನಿಮ್ಮ ಪತ್ರಿಕೆ ಈ ಬಗ್ಗೆ ಸಹಿ ಸಂಗ್ರಹ ಶುರು ಮಾಡಲಿ.
– ನಿವೃತ್ತ ಶಿಕ್ಷಕರು, ಪಾಂಡವಪುರ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಾಲ್ಕು ಪುಟದ ಕಾಗದವನ್ನು ಒಂದು ಕಾಟು ಹೊಡೆಯದೆ ಬರೆದಿದ್ದೀರಿ. ಪತ್ರಿಕೆಯವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನಿಮ್ಮ ಆತಂಕದಲ್ಲೂ ನ್ಯಾಯವಿದೆ. ಎರಡೆಕರೆ ಗದ್ದೆ ನಾಲ್ವರಿಗೆ ಪಾಲಾದರೆ ಅರ್ಧ ಎಕರೆ ನಂಬಿಕೊಂಡು ಯಾರೂ ಸಂಸಾರ ನಡೆಸಲಾರರು. ಅಷ್ಟು ಒಪ್ಪಿದೆ. ಇನ್ನು ಉಳಿದದ್ದಕ್ಕೆ ಬರೋಣ.

ಮೂರನೇ ಮಗು ಎಲ್ಲಿದೆ ಹೇಳಿ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದ ಹೆಂಗಸಿಗೆ ಸರಾಸರಿ ಮೂರು ಮಕ್ಕಳಿಗೆ ತುಸು ಕಡಿಮೆ. 2019–21ರ ಹೊತ್ತಿಗೆ ಅದು 1.7. ಒಂದು ತಲೆಮಾರು ತನ್ನ ಜಾಗವನ್ನು ತಾನೇ ತುಂಬಬೇಕಾದರೆ 2.1 ಬೇಕು, ನಾವು ಆ ಗೆರೆಯ ಕೆಳಗಿಳಿದಿದ್ದೇವೆ. ಹಾಗಿದ್ದರೂ ಒಟ್ಟು ಸಂಖ್ಯೆ ಏರುವುದೇಕೆ ಎಂದರೆ, ಹಿಂದೆ ಹೆಚ್ಚು ಹುಟ್ಟಿದವರೆಲ್ಲ ಈಗ ಮಕ್ಕಳಾಗುವ ವಯಸ್ಸಿನಲ್ಲಿದ್ದಾರೆ. ಒಬ್ಬೊಬ್ಬರಿಗೆ ಒಂದೋ ಎರಡೋ ಆದರೂ ಹುಟ್ಟುವವರ ಲೆಕ್ಕ ಸಾಯುವವರ ಲೆಕ್ಕವನ್ನು ಇನ್ನಷ್ಟು ಕಾಲ ಮೀರಿಯೇ ಇರುತ್ತದೆ. ಇದನ್ನು ಯಾವ ಕಾರ್ಡು ರದ್ದು ಮಾಡಿಯೂ ನಿಲ್ಲಿಸಲಾಗದು. ರದ್ದಾದರೆ ಅಕ್ಕಿ ತಪ್ಪುವುದು ಹುಟ್ಟಿಬಿಟ್ಟ ಕೂಸಿಗೆ ಮತ್ತು ಅದಕ್ಕೆ ಹಾಲೂಡುವ ತಾಯಿಗೆ.

ಚೀನಾದ ಮಾತು ಎಲ್ಲರೂ ಎತ್ತುತ್ತಾರೆ. 1970ರಲ್ಲಿ ಅಲ್ಲಿ ಹೆಂಗಸಿಗೆ ಸರಾಸರಿ 5.8 ಮಕ್ಕಳು, 1978ರಲ್ಲಿ ಹೆಚ್ಚುಕಡಿಮೆ 2.7. ಒಂದೇ ಮಗುವಿನ ಕಟ್ಟಳೆ ಬಂದದ್ದು ಅದಾದ ಮೇಲೆ, 1979–80ರಲ್ಲಿ. ಇಳಿತದ ದೊಡ್ಡ ಪಾಲು ಮೊದಲೇ ಆಗಿಹೋಗಿತ್ತು. ಅದೇ 1979ರಲ್ಲಿ ಕೇರಳದ ಸರಾಸರಿ 3.0, ಚೀನಾದ್ದು 2.8. 1991ಕ್ಕೆ ಬಂದರೆ ಕೇರಳ 1.8, ಚೀನಾ 2.0. ಕೇರಳದಲ್ಲಿ ಯಾರ ಕಾರ್ಡನ್ನೂ ಕಿತ್ತುಕೊಂಡಿರಲಿಲ್ಲ. ಹುಡುಗಿಯರು ಹೈಸ್ಕೂಲು ಮುಗಿಸುತ್ತಿದ್ದರು, ಹುಟ್ಟಿದ ಮಕ್ಕಳು ಬದುಕುತ್ತಿದ್ದವು. ಚೀನಾ 2016ರಲ್ಲಿ ಎರಡಕ್ಕೆ, 2021ರಲ್ಲಿ ಮೂರಕ್ಕೆ ಅನುಮತಿ ಕೊಟ್ಟು ಈಗ ಹೆರಿ ಹೆರಿ ಎಂದು ಗೋಗರೆಯುತ್ತಿದೆ; ಹೆರುವವರಿಲ್ಲ. 2022ರಿಂದ ಅಲ್ಲಿನ ಜನಸಂಖ್ಯೆಯೇ ಇಳಿಯುತ್ತಿದೆ. ಯಾವುದೇ ನೀತಿಯನ್ನು ತೂಗುವಾಗ ಮೊದಲು ಕೇಳಬೇಕಾದ್ದು, ಅದು ಇರದಿದ್ದರೆ ಏನಾಗುತ್ತಿತ್ತು ಎಂದು. ಲೆಕ್ಕದ ಮೇಷ್ಟ್ರಾಗಿ ಇದನ್ನು ನೀವು ನಮಗೆ ಹೇಳಿಕೊಡಬೇಕಿತ್ತು.

ಇನ್ನು ಎಮರ್ಜೆನ್ಸಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಮೇಲೆ ಸಂತಾನಹರಣ ಆಪರೇಷನ್ ಆದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಮರುವರ್ಷ ಒಟ್ಟು ಲೆಕ್ಕ ಹತ್ತು ಲಕ್ಷವನ್ನೂ ಮುಟ್ಟಲಿಲ್ಲ. ಎಮರ್ಜೆನ್ಸಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗ ಪಟ್ಟಿ ಮಾಡಿದ ಸಾವುಗಳೇ 1,774. ಅಂದು ಬೆದರಿದ ಗಂಡಸು ಇಂದಿಗೂ ಆಸ್ಪತ್ರೆಯ ಆ ಕೋಣೆಯತ್ತ ತಲೆ ಹಾಕಿಲ್ಲ. 2019–21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಷನ್ ಆಗಿತ್ತು. ಗಂಡಸರ ಪಾಲು ಸೊನ್ನೆಯ ಆಸುಪಾಸು. ನೀವು ಅರ್ಧಕ್ಕೆ ಬಿಟ್ಟರು ಎನ್ನುವ ಕೆಲಸದ ಫಲ ಇದೇ.

ಎರಡೂ ಆಪರೇಷನ್ನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಗಂಡಸಿಗೆ ಸ್ಥಳೀಯ ಅರಿವಳಿಕೆ ಕೊಟ್ಟು ಒಂದು ಸಣ್ಣ ತೂತು, ಹತ್ತು ಹದಿನೈದು ನಿಮಿಷ, ಹೊಲಿಗೆ ಇಲ್ಲ. ಅರ್ಧ ಗಂಟೆ ಮಲಗಿ ಮನೆಗೆ ಹೋಗಬಹುದು. ಎರಡು ದಿನ ಬಿಟ್ಟು ಹಗುರ ಕೆಲಸ, ವಾರ ಕಳೆದ ಮೇಲೆ ಸೈಕಲ್ಲು, ಮೂಟೆ. ತಪ್ಪುವುದು ಎಲ್ಲಿ? ಕೊಳವೆಯಲ್ಲಿ ವೀರ್ಯಾಣು ಉಳಿದಿರುವುದರಿಂದ ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಅದನ್ನು ಬಿಟ್ಟವನ ಹೆಂಡತಿ ಬಸುರಾದರೆ ಊರು ಅವಳ ಮೇಲೆ ಬೆರಳು ತೋರಿಸುತ್ತದೆ. ಹೆಂಗಸಿನದಾದರೆ ಹೊಟ್ಟೆಯನ್ನೇ ತೆರೆಯಬೇಕು. ಡಾಕ್ಟರು ಗರ್ಭನಾಳವನ್ನು ಅದರ ಜಾಲರಿಯಂಥ ತುದಿಯವರೆಗೂ ಹಿಂಬಾಲಿಸಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಅವಸರದಲ್ಲಿ ನಾಳ ಮುಚ್ಚುವ ರಿಂಗನ್ನು ಪಕ್ಕದ ತಂತುಕಟ್ಟಿಗೆ ತೊಡಿಸಿದರೆ ಆಪರೇಷನ್ ಆಗಿಯೂ ಆಗದ ಹಾಗೆ. ಅವಸರ ಯಾಕೆ ಎಂದರೆ ಟಾರ್ಗೆಟ್ಟು. ಒಂದು ತಂಡ ಹೊಟ್ಟೆಯೊಳಗೆ ತೂರಿಸಿ ನೋಡುವ ಲ್ಯಾಪ್ರೋಸ್ಕೋಪ್ ಮೂರು ಇಟ್ಟುಕೊಂಡು ದಿನಕ್ಕೆ ಮೂವತ್ತನ್ನು ಮೀರಬಾರದು ಎಂಬ ನಿಯಮವಿದ್ದೂ 2014ರಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಒಂದು ಶಿಬಿರದಲ್ಲಿ ಒಬ್ಬರೇ ಡಾಕ್ಟರು ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಮಾಡಿ ಮುಗಿಸಿದರು. ಆ ಸಲದ ಶಿಬಿರಗಳಲ್ಲಿ ಸತ್ತವರು 13 ಮಂದಿ. ಶಿಬಿರ ಪದ್ಧತಿಯನ್ನೇ ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಟಾರ್ಗೆಟ್ಟನ್ನು ಕಾಗದದ ಮೇಲೆ ತೆಗೆದದ್ದು 1996ರಲ್ಲೇ, ಅದು ಬೇರೆ ಮಾತು.

ಪಂಚಾಯಿತಿ ಚುನಾವಣೆಯ ವಿಚಾರ. ನಮ್ಮಲ್ಲಿ ಆ ಕಾನೂನಿಲ್ಲ, ಇದ್ದ ಕಡೆ ಏನಾಯಿತು ನೋಡಿ. 2003ರಲ್ಲಿ ಸುಪ್ರೀಂ ಕೋರ್ಟು ಹರಿಯಾಣದ ಕಾನೂನನ್ನು ಎತ್ತಿಹಿಡಿಯಿತು, ನಿಜ. ಆದರೆ ಮಧ್ಯಪ್ರದೇಶ, ಹಿಮಾಚಲ, ಹರಿಯಾಣ ಮೂರೂ ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. 1994ರ ಕಾನೂನನ್ನು ಆಂಧ್ರ 2024ರಲ್ಲಿ ರದ್ದು ಮಾಡಿತು. ಮಧ್ಯಪ್ರದೇಶದ ಮುಖ್ಯ ಕಾರ್ಯದರ್ಶಿಯಾಗಿದ್ದ ನಿರ್ಮಲಾ ಬುಚ್ ಐದು ರಾಜ್ಯಗಳಲ್ಲಿ ಇದನ್ನು ಪರಿಶೀಲಿಸಿದರು. ಕುರ್ಚಿಗಾಗಿ ಹೆಂಡತಿಯನ್ನು ಬಿಟ್ಟವರು, ಮಗುವನ್ನು ದತ್ತು ಕೊಟ್ಟವರು, ಮಗು ನಮ್ಮದಲ್ಲವೆಂದವರು, ಹೆಣ್ಣು ಭ್ರೂಣ ತೆಗೆಸಿದವರು, ಎಲ್ಲರೂ ಅವರಿಗೆ ಸಿಕ್ಕರು. ಮೀಸಲಾತಿಯಿಂದ ಮೊದಲ ಸಲ ಪಂಚಾಯಿತಿ ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳು ಮತ್ತು ದಲಿತರ ಮೇಲೇ ಪೆಟ್ಟು ಬಿತ್ತು. ಎಷ್ಟು ಮಕ್ಕಳು ಎಂದು ಮನೆಯಲ್ಲಿ ತೀರ್ಮಾನಿಸುವ ಅಧಿಕಾರವೇ ಇಲ್ಲದವಳಿಗೆ ಶಿಕ್ಷೆ!

ಹೆಣ್ಣು ಭ್ರೂಣದ ಮಾತು ಬಂದ ಮೇಲೆ ನಮ್ಮ ಜಿಲ್ಲೆಯ ಹೆಸರು ಹೇಳದೆ ವಿಧಿಯಿಲ್ಲ. "ಆರತಿಗೊಬ್ಬಳು ಕೀರ್ತಿಗೊಬ್ಬ" ಎಂದು ಗೋಡೆಗಳ ಮೇಲೆ ಬರೆಸಿದೆವು; ಜನ ಎರಡೇ ಸಾಕು ಎನ್ನುವುದನ್ನು ಕಲಿತರು, ಆದರೆ ಕೀರ್ತಿಯನ್ನು ಬಿಡಲಿಲ್ಲ. 2023ರ ಕೊನೆಯಲ್ಲಿ ಪೊಲೀಸರು ಪತ್ತೆ ಮಾಡಿದ್ದು ಮಂಡ್ಯದ ಆಲೆಮನೆಯಲ್ಲಿ ನಡೆಯುತ್ತಿದ್ದ ಸ್ಕ್ಯಾನಿಂಗ್. ಬೆಲ್ಲ ಬೇಯುವ ಜಾಗದಲ್ಲಿ ಗಂಡೋ ಹೆಣ್ಣೋ ನೋಡುವ ಯಂತ್ರ! ಅದೇ ವರ್ಷದ ಫೆಬ್ರವರಿಯಲ್ಲಿ ಹೆಣ್ಣು ಸಿಗದ ನಮ್ಮ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ಮಿತಿಯನ್ನು ಇನ್ನೂ ಬಿಗಿ ಮಾಡಿದರೆ ಆಲೆಮನೆಗೆ ಗಿರಾಕಿ ಹೆಚ್ಚುತ್ತಾರೆ, ಅಷ್ಟೆ.

ಇದನ್ನು ಅಳೆಯುವುದೂ ಸುಲಭವಲ್ಲ. ಊರಿನಲ್ಲಿ ವರ್ಷಕ್ಕೆ 40 ಹೆರಿಗೆಯಾಗಿ 23 ಗಂಡು, 17 ಹೆಣ್ಣು ಹುಟ್ಟಿದರೆ ಯಾರನ್ನೂ ದೂರುವಂತಿಲ್ಲ. ಅಷ್ಟು ಏರುಪೇರು ತಾನಾಗಿಯೇ ಆಗುತ್ತದೆ. ಇಡೀ ಹೋಬಳಿಯ ಐದು ವರ್ಷದ ಲೆಕ್ಕ ಕೂಡಿಸಿ. ಸಹಜವಾಗಿ ಸಾವಿರ ಗಂಡಿಗೆ ಸುಮಾರು 950 ಹೆಣ್ಣು ಹುಟ್ಟಬೇಕು. ಆಮೇಲೆ ಮೊದಲನೆಯದು ಹೆಣ್ಣಾದ ಮನೆಗಳನ್ನು ಮಾತ್ರ ಆರಿಸಿ, ಅಲ್ಲಿನ ಎರಡನೇ ಮಗು ಯಾವುದೆಂದು ನೋಡಿ. ಕಳ್ಳತನ ಬಯಲಾಗುವುದು ಆ ಕಾಲಮ್ಮಿನಲ್ಲಿ. ತಾಯಿಯ ಮದುವೆಯ ವಯಸ್ಸು, ಎರಡು ಹೆರಿಗೆಗಳ ನಡುವಿನ ಅಂತರ ಇವನ್ನೂ ಬರೆದುಕೊಳ್ಳಿ. ಆಪರೇಷನ್ ಸಂಖ್ಯೆಯನ್ನು ಕಡೆಗೆ ನೋಡಿದರೆ ಸಾಕು. ಬೇಕಾದಷ್ಟು ಮಕ್ಕಳಾದ ಮೇಲೆ ಮಾಡಿಸಿಕೊಂಡದ್ದೇ ಅದರಲ್ಲಿ ಹೆಚ್ಚು.

ನಮ್ಮ ಸೀಮೆಗೆ ಬೇರೆಯದೇ ಪರಂಪರೆಯಿದೆ ಎಂಬುದನ್ನು ಮರೆತಿರಿ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣದ ಸಲಹೆ ಕೊಡಲು ಅಪ್ಪಣೆ ಮಾಡಿತು. ಬೇಕಾದವರು ಬರಲಿ ಎಂದಿತೇ ಹೊರತು ದಂಡ ಹಾಕಲಿಲ್ಲ. ಇಂದೂ ಬೇಕಿರುವುದು ಅದೇ. ಬಸುರು ತಡೆಯುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ನಾಲ್ಕು ವಾರಕ್ಕಿಂತ ತಡವಾದರೆ ಬಸುರಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹಾಕಬೇಕು. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ಒಂದು. ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು, ಭಯ ಬೇಡ ಎಂದು ನರ್ಸಮ್ಮ ಮೊದಲೇ ಹೇಳದಿದ್ದರೆ ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಉಪಕೇಂದ್ರದಲ್ಲಿ ಸ್ಟಾಕು ಖಾಲಿಯಾದರಂತೂ ಮುಗಿಯಿತು.

ಹೀಗೆ ಅಚ್ಚುಕಟ್ಟಾಗಿ ನಡೆದುಕೊಂಡದ್ದಕ್ಕೆ ನಮಗೆ ಸಿಕ್ಕಿದ್ದೇನು? ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಶೇ. 4.713ರಿಂದ 15ನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. ಜನನ ದರ ಇಳಿಸಿದವರಿಗೆಂದು ಇಟ್ಟಿದ್ದ ಶೇ. 12.5ರ ಅಂಕವೂ ನಮ್ಮನ್ನು ಕಾಯಲಿಲ್ಲ. ಲೋಕಸಭಾ ಸೀಟುಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿದ್ದೇ ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ನಷ್ಟವಾಗದಿರಲೆಂದು. ಆ ಕಟ್ಟು 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ. ಮಕ್ಕಳು ಹೆಚ್ಚಾದರು ಎಂದು ಪಾಂಡವಪುರದಲ್ಲಿ ನೀವು ಕೊರಗುತ್ತಿರುವಾಗ, ಕಡಿಮೆಯಾದರು ಎಂಬ ಕಾರಣಕ್ಕೆ ನಮ್ಮ ದನಿ ದಿಲ್ಲಿಯಲ್ಲಿ ಸಣ್ಣದಾಗುವ ದಿನ ಹತ್ತಿರವಾಗುತ್ತಿದೆ. ಸಹಿ ಹಾಕುವುದಿದ್ದರೆ ಇದಕ್ಕೆ ಹಾಕಿ, ಮೊದಲ ಸಹಿ ನಮ್ಮದೇ ಇರುತ್ತದೆ. ರೇಷನ್ ಕಾರ್ಡು ಕಿತ್ತುಕೊಳ್ಳುವ ಅರ್ಜಿಗೆ ಈ ಪತ್ರಿಕೆಯಲ್ಲಿ ಜಾಗವಿಲ್ಲ, ಕ್ಷಮಿಸಿ.