ಎರಡು ಓವರ್, ಒಂದು ರನ್, ಅಷ್ಟೇ

ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನಲ್ಲಿ, ಅಂದರೆ ಅಲ್ಲಿನ ಜಿಲ್ಲಾ ತಂಡಗಳ ಆಟದಲ್ಲಿ, ಎಲ್ಲರಿಗಿಂತ ಕಡಿಮೆ ಆಡಿದವರು ಯಾರು ಅಂತ ಕೇಳಿದ್ದೀರಿ. ಒಂದೇ ಪಂದ್ಯ ಆಡಿ ಮರೆಯಾದವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ನನ್ನ ಓಟು ಫ್ರೆಡ್ ಹೈಲ್ಯಾಂಡ್‌ಗೆ.

1924ರಲ್ಲಿ ಹ್ಯಾಂಪ್‌ಷೈರ್ ತಂಡ ಪಂದ್ಯ ಆಡಲು ನಾರ್ಥಾಂಪ್ಟನ್‌ಗೆ ಹೋಗಿತ್ತು. ಹನ್ನೊಂದು ಜನರಲ್ಲಿ ಹೈಲ್ಯಾಂಡ್ ಕೂಡ ಇದ್ದರು. ನಾರ್ಥಾಂಪ್ಟನ್‌ಷೈರ್ ಬ್ಯಾಟಿಂಗ್‌ಗೆ ಇಳಿಯಿತು. ಎರಡು ಓವರ್ ಆಯಿತು, ಒಂದು ರನ್ ಬಂತು, ವಿಕೆಟ್ ಬೀಳಲಿಲ್ಲ. ಮೂರು ದಿನದ ಪಂದ್ಯದಲ್ಲಿ ಆಡಲು ಮಳೆ ಬಿಟ್ಟಿದ್ದು ಅಷ್ಟೇ. ಹೈಲ್ಯಾಂಡ್‌ಗೆ ಬ್ಯಾಟಿಂಗೂ ಇಲ್ಲ, ಬೌಲಿಂಗೂ ಇಲ್ಲ, ಒಂದು ಕ್ಯಾಚೂ ಇಲ್ಲ. ಮುಂದೆ ಅವರಿಗೆ ಇಂಥ ಇನ್ನೊಂದು ಫಸ್ಟ್ ಕ್ಲಾಸ್ (ಮೇಲ್ದರ್ಜೆಯ) ಪಂದ್ಯ ಸಿಗಲೇ ಇಲ್ಲ.

ಹನ್ನೆರಡು ಚೆಂಡು ಅಂದ್ರೆ ಎಷ್ಟು ಹೊತ್ತು ಹೇಳಿ? ಫೀಲ್ಡಿಂಗ್ ಮಾಡಿದವರಿಗೆ ಗೊತ್ತಿರುತ್ತದೆ, ಅಷ್ಟರಲ್ಲಿ ಮೈ ಕೂಡ ಬಿಸಿಯಾಗಿರುವುದಿಲ್ಲ. ಚೆಂಡಿನ ಹೊಳಪೂ ಹೋಗಿರುವುದಿಲ್ಲ. ಸೊನ್ನೆಗೆ ಔಟಾದವನ ಹೆಸರಿನ ಮುಂದೆ ಕೊನೆಗೆ ಒಂದು ಸೊನ್ನೆಯಾದರೂ ಇರುತ್ತದೆ ಅಲ್ವಾ? ಇವರದು ಸರಾಸರಿ ಲೆಕ್ಕ ಹಾಕೋಕೂ ಬರುವುದಿಲ್ಲ. ಆ ಎರಡು ಓವರ್ ಕೂಡ ಆಗದೇ ಇದ್ದಿದ್ದರೆ ದಾಖಲೆಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ.

ನನಗೆ ಇವರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. ಒಮ್ಮೆ ಬೆಳಗಿನ ಮೊದಲ ಬಸ್ ಹಿಡಿದು ಟೂರ್ನಮೆಂಟ್‌ಗೆ ಹೋಗಿ, ಟಾಸ್ ಆದ ಮೇಲೆ ಮಳೆ ಸುರಿದು, ಬೋಂಡಾ ತಿಂದು ವಾಪಸ್ ಬಂದವನು ನಾನು.

ಇಂಥ ಮಾತು ಬಂದಾಗ ಜನ ಸಾಮಾನ್ಯವಾಗಿ ಸ್ಯಾಮುಯೆಲ್ ಬೆಕೆಟ್ ಹೆಸರು ತೆಗೆಯುತ್ತಾರೆ. ನೊಬೆಲ್ ಪಡೆದ ಸಾಹಿತಿ. 1925 ಮತ್ತು 1926ರಲ್ಲಿ ಡಬ್ಲಿನ್ ವಿಶ್ವವಿದ್ಯಾಲಯದ ಪರ ಎರಡು ಫಸ್ಟ್ ಕ್ಲಾಸ್ ಪಂದ್ಯ ಆಡಿದರು. ಎದುರಾಳಿ ಇದೇ ನಾರ್ಥಾಂಪ್ಟನ್‌ಷೈರ್! ನಾಲ್ಕು ಇನಿಂಗ್ಸ್‌ನಲ್ಲಿ 35 ರನ್. ಹೈಲ್ಯಾಂಡ್ ಪಕ್ಕದಲ್ಲಿ ನಿಲ್ಲಿಸಿದರೆ ಬೆಕೆಟ್ ರನ್ ರಾಶಿ ಹಾಕಿದ ಬ್ರಾಡ್‌ಮನ್ ಇದ್ದ ಹಾಗೆ.

ಇನ್ನೊಂದು ವಿಷಯ. ಆಗ ಇಂಗ್ಲೆಂಡಿನಲ್ಲಿ ಆಟಗಾರರದು ಎರಡು ಜಾತಿ. ಶೋಕಿಗೆ ಆಡುವ ಅಮೆಚೂರ್‌ಗಳು, ಕೂಲಿಗೆ ಆಡುವ ಪ್ರೊಫೆಷನಲ್‌ಗಳು. ಹೈಲ್ಯಾಂಡ್ ಪ್ರೊಫೆಷನಲ್. ಅಂದರೆ ಆಟ ಸಿಗದಿದ್ದರೆ ಹೊಟ್ಟೆಪಾಡಿಗೆ ಬೇರೆ ದಾರಿ ನೋಡಿಕೊಳ್ಳಬೇಕು. ಅವರು ಚೆಷೈರ್‌ನಲ್ಲಿ ಸಸಿ ಬೆಳೆಸುವ ನರ್ಸರಿ ಕೆಲಸ ಹಿಡಿದರು. ಅದರಲ್ಲಿ ಒಳ್ಳೇ ಹೆಸರನ್ನೂ ಮಾಡಿದರು. 1964ರಲ್ಲಿ, 70ನೇ ವಯಸ್ಸಿನಲ್ಲಿ ತೀರಿಕೊಂಡಾಗ ಕ್ರಿಕೆಟ್‌ನ ವಾರ್ಷಿಕ ದಾಖಲೆ ಪುಸ್ತಕ ವಿಸ್ಡನ್ ಅವರ ಬಗ್ಗೆ ಬರೆದದ್ದು ಕೆಲವೇ ಸಾಲು. ಅದರಲ್ಲಿ ಆ ಎರಡು ಓವರ್ ಇತ್ತು, ನರ್ಸರಿಯೂ ಇತ್ತು.