ಕಾಸ್ಟಿಕ್ ಸೋಡಾ ಹಾಕದೆ ಮನೆಯಲ್ಲಿ ಹಣ್ಣಿನ ವಾಸನೆಯ ಸೋಪು ಮಾಡಿ ಮಾರಬಹುದಾ?

ಕಾಸ್ಟಿಕ್ ಇಲ್ಲದೆ ಗಟ್ಟಿ ಸೋಪು ಆಗುವುದಿಲ್ಲ. ಆ ಆಸೆ ಮೊದಲು ಬಿಡಿ. ಹಣ್ಣಿನ ವಾಸನೆಯ ಕಥೆ ನನ್ನನ್ನು ಕೇಳಿ.

ಗಂಗಾವತಿಯಲ್ಲಿ ನಮ್ಮ ಓಣಿಯವರೊಬ್ಬರು ತೊಟ್ಟಿಲು ಕಾರ್ಯಕ್ಕೆ ಬಂದವರಿಗೆ ಹಂಚಲು ಬಾಳೆಹಣ್ಣಿನ ಸೋಪು ಬೇಕು ಅಂತ ಅಡ್ವಾನ್ಸ್ ಕೊಟ್ಟರು. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ನೀರು ಹಾಕಿ ತಿರುವಿದೆ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಬೇಕರಿ ಸಾಮಾನಿನ ಅಂಗಡಿಯಿಂದ ತಂದ ಎಸೆನ್ಸ್ ಸುರಿದೆ. ಮನೆಯೆಲ್ಲ ಘಮಘಮ. ಮರುದಿನ ಅಚ್ಚು ಬಿಡಿಸಿದರೆ ಬಾಳೆಹಣ್ಣು ಮಾಯ, ಸ್ಪಿರಿಟ್ ತರಹ ಮೂಗಿಗೆ ಹೊಡೆಯುವ ನಾತ! ಎಸೆನ್ಸ್ ಸಾಲಲಿಲ್ಲ ಅಂದುಕೊಂಡು ಮುಂದಿನ ಸಲ ಜಾಸ್ತಿ ಹಾಕಿದೆ. ಇನ್ನೂ ಜಾಸ್ತಿ ನಾರಿತು. ಅಡ್ವಾನ್ಸ್ ವಾಪಸ್ ಕೊಟ್ಟೆ, ಎಣ್ಣೆ ದುಡ್ಡೂ ಹೋಯಿತು.

ಆಗಿದ್ದು ಇಷ್ಟು. ಬಾಳೆಹಣ್ಣಿನ ವಾಸನೆ ಕೊಡುವುದು ಐಸೊಅಮೈಲ್ ಅಸಿಟೇಟ್, ಅದೊಂದು ಎಸ್ಟರ್, ಅಂದರೆ ಆಸಿಡ್ ಮತ್ತು ಆಲ್ಕೋಹಾಲ್ ಕೂಡಿ ಆದ ಪದಾರ್ಥ. ಎಣ್ಣೆಯೂ ಎಸ್ಟರೇ. ಕಾಸ್ಟಿಕ್ ಕೆಲಸವೇ ಎಸ್ಟರ್ ಒಡೆಯುವುದು, ಅಲ್ವಾ? ಎಣ್ಣೆ ಒಡೆದರೆ ಸೋಪು ಮತ್ತು ಗ್ಲಿಸರಿನ್. ಎಸೆನ್ಸ್ ಒಡೆದರೆ ಸೋಡಿಯಂ ಅಸಿಟೇಟ್ ಮತ್ತು ಐಸೊಅಮೈಲ್ ಆಲ್ಕೋಹಾಲ್. ಆ ನಾತ ಈ ಆಲ್ಕೋಹಾಲಿನದು. ಕಾಲೇಜು ಲ್ಯಾಬಿನಲ್ಲಿ ಅಸಿಟಿಕ್ ಆಸಿಡ್, ಆಲ್ಕೋಹಾಲ್ ಎರಡನ್ನೂ ಸಲ್ಫ್ಯೂರಿಕ್ ಆಸಿಡ್ ಜೊತೆ ಕಾಯಿಸಿ ಎಸ್ಟರ್ ಮಾಡುತ್ತಾರೆ. ಆ ಕ್ರಿಯೆ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಕಾಸ್ಟಿಕ್ ಇದ್ದಲ್ಲಿ ಹಾಗಲ್ಲ. ಬಿಡುಗಡೆಯಾದ ಆಸಿಡ್ ಕೂಡಲೇ ಉಪ್ಪಾಗಿಬಿಡುತ್ತದೆ, ಮತ್ತೆ ಎಸ್ಟರ್ ಆಗುವ ದಾರಿಯೇ ಇಲ್ಲ. ನಾನು ಎಷ್ಟು ಸುರಿದಿದ್ದರೂ ಅಷ್ಟೇ.

ಹಣ್ಣಿನ ವಾಸನೆ ಬೇಕೇ ಬೇಕೆಂದರೆ ರೆಡಿ ಸೋಪ್ ಬೇಸ್ (ಫ್ಯಾಕ್ಟರಿಯಲ್ಲಿ ಮಾಡಿದ ಸೋಪಿನ ಗಟ್ಟಿ) ಕರಗಿಸಿ, ಸೋಪಿಗೆಂದೇ ಮಾರುವ ಸೆಂಟ್ ಹಾಕಿ. ಆ ಬೇಸ್‌ನಲ್ಲಿ ಕಾಸ್ಟಿಕ್ ಕೆಲಸ ಮುಗಿದಿರುತ್ತದೆ. 'ಕೆಮಿಕಲ್ ಇಲ್ಲ' ಅಂತ ಮಾತ್ರ ಸುಮ್ನೆ ಬರೆಯಬೇಡಿ, ನಿಮ್ಮ ಬದಲು ಫ್ಯಾಕ್ಟರಿಯವರು ಕಾಸ್ಟಿಕ್ ಹಾಕಿರುತ್ತಾರೆ.

ಎಣ್ಣೆಯಿಂದಲೇ ಮಾಡುವಿರಾದರೆ ತೂಕದ ಯಂತ್ರ ಬೇಕು. ಒಂದು ಕಿಲೋ ಕೊಬ್ಬರಿ ಎಣ್ಣೆ ಸುಮಾರು 183 ಗ್ರಾಂ ಕಾಸ್ಟಿಕ್ ತಿನ್ನುತ್ತದೆ. ನಾನು 174 ಹಾಕುತ್ತೇನೆ, ಸ್ವಲ್ಪ ಎಣ್ಣೆ ಉಳಿದರೆ ಚರ್ಮಕ್ಕೆ ಒಳ್ಳೆಯದು. ಶೇಂಗಾ ಎಣ್ಣೆಗೆ 136ರ ಆಸುಪಾಸು ಸಾಕು, ಕೊಬ್ಬರಿ ಲೆಕ್ಕ ಹಾಕಿದರೆ ಕೈ ಸುಡುತ್ತದೆ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು. ನಮ್ಮ ಕಡೆಯ ಬೋರ್ ನೀರು ಬೇಡ, ಫಿಲ್ಟರ್ ನೀರು ತನ್ನಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಸಿ ಮಾಡುತ್ತದೆ.

ಇನ್ನು ಮಾರುವ ವಿಷಯ. ಮೈಸೋಪು ಕಾನೂನಿನ ಲೆಕ್ಕದಲ್ಲಿ ಕಾಸ್ಮೆಟಿಕ್, ಮಾಡಿ ಮಾರಲು ಲೈಸೆನ್ಸ್ ಬೇಕು. ಎಣ್ಣೆ ತರುವ ಮೊದಲೇ ಅದನ್ನು ವಿಚಾರಿಸಿ.