ಸಂಪಾದಕರ ಉತ್ತರ: ಯಾವುದು ಹೊಟ್ಟೆಪಾಡು, ಯಾವುದು ಸ್ವಂತ ಸಂಗೀತ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: “ಹಿಂದಿನ ಸಂಚಿಕೆಯಲ್ಲಿ ಬ್ರಿಟಿಷ್ ಗಾಯಕ ಪೀಟರ್ ಗೇಬ್ರಿಯಲ್ ಕುರಿತ ಲೇಖನ ಓದಿದ ಮೇಲೆ, ಅದರಲ್ಲಿ ಹೆಸರಿಸಿದ್ದ ಬೇಸ್ ವಾದಕ ಟೋನಿ ಲೆವಿನ್ ಅವರ ಬೆನ್ನು ಹತ್ತಿದೆ. ಒಂದು ಕಡೆ ಜಾನ್ ಲೆನನ್, ಪಾಲ್ ಸೈಮನ್‌ರಂಥ ಪಾಪ್ ಗಾಯಕರು. ಇನ್ನೊಂದು ಕಡೆ ಕಿಂಗ್ ಕ್ರಿಮ್ಸನ್ ತಂಡದ ಪ್ರೊಗ್ರೆಸಿವ್ ರಾಕ್, ಅಂದರೆ ತೊಡಕಿನ ಲಯ, ರಚನೆಗಳ ರಾಕ್. ಪಾಪ್ ಅವರ ಹೊಟ್ಟೆಪಾಡು, ಪ್ರೊಗ್ರೆಸಿವ್ ರಾಕ್ ಅವರ ನಿಜವಾದ ಸಂಗೀತ ಎಂದು ನನ್ನ ಊಹೆ. ನಾನೂ ಒಂದು ಆರ್ಕೆಸ್ಟ್ರಾದಲ್ಲಿ ಆರತಕ್ಷತೆ, ಗಣೇಶೋತ್ಸವಗಳಿಗೆ ಬೇಸ್ ಗಿಟಾರ್ ನುಡಿಸುತ್ತೇನೆ. ‘ಸ್ವಲ್ಪ ಕಡಿಮೆ ನುಡಿಸಪ್ಪ’ ಎನ್ನುವುದೊಂದೇ ನನಗೆ ಸಿಗುವ ಮಾತು. ಈ ಬೇಸ್ ಮಾರಿ, ಲೆವಿನ್ ನುಡಿಸುವ ಸ್ಟಿಕ್ ವಾದ್ಯ ಕೊಂಡು ಗಂಭೀರ ಸಂಗೀತಕ್ಕೆ ಇಳಿಯಲೇ?”

ಪ್ರಿಯ ಮಿತ್ರರೇ,

ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಕೊನೆಯ ಪ್ರಶ್ನೆಯ ಉತ್ತರವೂ ಅದರಲ್ಲೇ ಇದೆ.

ಲೆವಿನ್ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಹತ್ತನೇ ವಯಸ್ಸಿಗೆ ಅವರ ಕೈಗೆ ಬಂದದ್ದು ಆಳೆತ್ತರದ ಡಬಲ್ ಬೇಸ್. ಮುಂದೆ ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆ, ಅಲ್ಲಿನ ಫಿಲ್‌ಹಾರ್ಮೊನಿಕ್ ವಾದ್ಯವೃಂದ. ಖ್ಯಾತ ಸಂಗೀತ ರಚನಾಕಾರ ಸ್ಟ್ರಾವಿನ್‌ಸ್ಕಿಯ ನಿರ್ದೇಶನದಲ್ಲೇ ನುಡಿಸಿದ ಅನುಭವವೂ ಅವರಿಗೆ ಅಲ್ಲೇ ದಕ್ಕಿತು. ಅಂದರೆ ‘ಗಂಭೀರ ಸಂಗೀತ’ ಎಂದು ನೀವು ಯಾವುದನ್ನು ಕರೆಯುತ್ತೀರೋ ಅದು ಅವರ ಗುರಿಯಾಗಿರಲಿಲ್ಲ, ಅವರು ಹೊರಟದ್ದೇ ಅಲ್ಲಿಂದ. ಸಹಪಾಠಿಯಾಗಿದ್ದ ಡ್ರಮ್ ವಾದಕ ಸ್ಟೀವ್ ಗ್ಯಾಡ್, ಲೆವಿನ್ ಅವರನ್ನು ಜಾಝ್ ಕಡೆಗೂ ರಾಕ್ ಕಡೆಗೂ ಎಳೆದರು. ಎಪ್ಪತ್ತರ ದಶಕದ ಹೊತ್ತಿಗೆ ಲೆವಿನ್ ನ್ಯೂಯಾರ್ಕ್ ಸ್ಟುಡಿಯೋಗಳಲ್ಲಿ ಬೇಡಿಕೆಯ ವಾದಕರಾಗಿದ್ದರು.

ಪಾಲ್ ಸೈಮನ್ 1975ರಲ್ಲಿ ತಂದ ‘ಫಿಫ್ಟಿ ವೇಸ್ ಟು ಲೀವ್ ಯುವರ್ ಲವರ್’ ಹಾಡಿನಲ್ಲಿ ಈ ಇಬ್ಬರು ಗೆಳೆಯರೂ ಇದ್ದಾರೆ. ಗ್ಯಾಡ್ ನುಡಿಸಿದ ಕವಾಯತಿನಂಥ ಡ್ರಮ್ ನಡೆ ಜಗತ್ಪ್ರಸಿದ್ಧ. ಡ್ರಮ್ ಕಲಿಯುವವರೆಲ್ಲ ಅದನ್ನು ಅಭ್ಯಾಸ ಮಾಡುತ್ತಾರೆ. ನೀವು ಬೇಸ್ ವಾದಕರು, ಆದ್ದರಿಂದ ಅದರ ಕೆಳಗೆ ಕಿವಿ ಇಡಿ. ಡ್ರಮ್ ಅಷ್ಟು ಮಾತಾಡುತ್ತಿರುವಾಗ ತಾನೂ ಮಾತಾಡಬೇಕೆಂಬ ಚಪಲ ಆ ಬೇಸ್‌ಗೆ ಎಲ್ಲೂ ಇಲ್ಲ. ತಂತಿವಾದ್ಯದ ಮೇಲೆ ಅಷ್ಟು ಹಿಡಿತ ಇರುವವರೇ ಹೀಗೆ ನುಡಿಸದೆ ಇರಬಲ್ಲರು ಎಂಬುದು ನನ್ನ ಗಟ್ಟಿ ನಂಬಿಕೆ.

1980ರಲ್ಲಿ ಜಾನ್ ಲೆನನ್ ಮತ್ತು ಯೋಕೊ ಓನೊ ಅವರ ‘ಡಬಲ್ ಫ್ಯಾಂಟಸಿ’ ಆಲ್ಬಂಗೆ ಕರೆ ಬಂತು. ಮೊದಲ ಭೇಟಿಯಲ್ಲೇ ಲೆನನ್ ಹೇಳಿದ್ದನ್ನು ಲೆವಿನ್ ಹಲವು ಸಲ ನೆನಪಿಸಿಕೊಂಡಿದ್ದಾರೆ: ನೀನು ಒಳ್ಳೆಯ ವಾದಕ ಎಂದು ಕೇಳಿದ್ದೇನೆ, ಹೆಚ್ಚು ಸ್ವರ ಮಾತ್ರ ನುಡಿಸಬೇಡ ಎಂಬ ಅರ್ಥದ ಮಾತು. ಆರ್ಕೆಸ್ಟ್ರಾದಲ್ಲಿ ನಿಮಗೆ ಸಿಗುವ ಮಾತೇ ಅಲ್ಲವೇ ಇದು? ಲೆವಿನ್ ಇದನ್ನು ಅವಮಾನವೆಂದು ಎಣಿಸಲಿಲ್ಲ. ಅವರು ಹೇಗೂ ಹಾಗೆಯೇ ನುಡಿಸುವವರು.

ಈಗ ಗೇಬ್ರಿಯಲ್ ವಿಷಯ. 1977ರ ಅವರ ಮೊದಲ ಸ್ವತಂತ್ರ ಆಲ್ಬಂನಿಂದ ಆರಂಭವಾದ ಈ ಜೊತೆ 2023ರ ಲೋಕಸಂಚಾರದವರೆಗೂ ಬಂದಿದೆ. ಇದರಲ್ಲಿ ನಾನು ಎಷ್ಟು ಕೇಳಿದರೂ ದಣಿಯದ ಭಾಗ 1986ರ ‘ಸೋ’ ಆಲ್ಬಂ. ಅದರ ‘ಸ್ಲೆಡ್ಜ್‌ಹ್ಯಾಮರ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಅಪ್ಪಟ ಪಾಪ್ ಹಾಡು. ಅಲ್ಲಿ ಲೆವಿನ್ ಹಿಡಿದದ್ದು ಫ್ರೆಟ್‌ಲೆಸ್ ಬೇಸ್. ವೀಣೆಗಿರುವಂಥ ಮೆಟ್ಟಿಲುಗಳು ಇದಕ್ಕಿಲ್ಲ, ಪಿಟೀಲಿನಂತೆ ಬೆರಳೇ ಶ್ರುತಿಯ ಜಾಗ ಹುಡುಕಬೇಕು. ಅದನ್ನು ಬೆರಳಿನಿಂದಲ್ಲ, ಪ್ಲೆಕ್ಟ್ರಮ್ ಎಂಬ ಪುಟ್ಟ ಬಿಲ್ಲೆಯಿಂದ ಮೀಟಿ, ಒಂದು ಸ್ಥಾಯಿ ಕೆಳಗಿನ ನಾದವನ್ನು ಸೇರಿಸುವ ಪೆಡಲ್ ಮೂಲಕ ಹಾಯಿಸಿದರು. ಮೂರೂ ಕೂಡಿದ್ದರಿಂದಲೇ ಆ ದಪ್ಪ, ಜಾರುವ ನಾದ.

ಅದೇ ಆಲ್ಬಂನ ‘ಡೋಂಟ್ ಗಿವ್ ಅಪ್’ ಕೆಲಸ ಕಳೆದುಕೊಂಡವನೊಬ್ಬನ ಹಾಡು. ಅವನಿಗೆ ಧೈರ್ಯ ಹೇಳುವ ದನಿ ಕೇಟ್ ಬುಷ್ ಅವರದು. ಹಾಡಿನ ಕೊನೆಯ ಭಾಗಕ್ಕೆ ನಾದ ಮೊಳಗದೆ ಗುದ್ದಿನಂತೆ ಬಿದ್ದು ಅಡಗಬೇಕಿತ್ತು. ಲೆವಿನ್ ಹಸುಗೂಸು ಮಗಳನ್ನು ಜೊತೆಗೆ ಕರೆತಂದಿದ್ದರು. ಅವಳ ಡೈಪರ್ ಒಂದನ್ನು ತೆಗೆದು ತಂತಿಗಳ ಕೆಳಗೆ ತುರುಕಿದರು! ಕೇಳಿ ನೋಡಿ, ಬೇಸ್ ಅಲ್ಲಿ ಎದೆಬಡಿತಕ್ಕೆ ಎಷ್ಟು ಹತ್ತಿರ ಬರುತ್ತದೆ. ‘ಬಿಗ್ ಟೈಮ್’ ಹಾಡಿನಲ್ಲಿ ಇನ್ನೊಂದು ಪ್ರಯೋಗ. ಲೆವಿನ್ ಎಡಗೈಯಲ್ಲಿ ಸ್ವರ ಹಿಡಿದರೆ, ಡ್ರಮ್ ವಾದಕ ಜೆರಿ ಮರೋಟಾ ಕೋಲುಗಳಿಂದ ಬೇಸ್ ತಂತಿಗಳ ಮೇಲೆ ಬಾರಿಸಿದರು. ವೇದಿಕೆಯಲ್ಲಿ ಇದನ್ನು ಒಬ್ಬರೇ ಮಾಡುವುದು ಹೇಗೆ? ಡ್ರಮ್ ಕೋಲಿನ ತುಂಡುಗಳನ್ನೇ ಬೆರಳಿಗೆ ಕಟ್ಟಿಕೊಳ್ಳಬಾರದೇಕೆ ಎಂದು ಗೇಬ್ರಿಯಲ್ ಸೂಚಿಸಿದರು. ‘ಫಂಕ್ ಫಿಂಗರ್ಸ್’ ಹುಟ್ಟಿದ್ದು ಹೀಗೆ. ಕಿಂಗ್ ಕ್ರಿಮ್ಸನ್ ಅಭಿಮಾನಿಗಳು ಲೆವಿನ್ ಕೈಯಲ್ಲಿ ಅದನ್ನು ಕಂಡು ಬೆರಗಾಗುತ್ತಾರೆ, ಆದರೆ ಅದು ಬಂದದ್ದು ಪಾಪ್ ಹಾಡಿನ ಅಗತ್ಯದಿಂದ. ಹೊಟ್ಟೆಪಾಡಿಗೆ ನುಡಿಸುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೇ ಹೇಳಿ.

ಕಿಂಗ್ ಕ್ರಿಮ್ಸನ್‌ನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಲೆವಿನ್‌ಗೆ ಸಿಕ್ಕಿದ್ದೂ ಗೇಬ್ರಿಯಲ್ ಅವರ ಆ ಮೊದಲ ಆಲ್ಬಂನಲ್ಲೇ. ಹೊಸದಾಗಿ ಕೂಡಿದ ಕ್ರಿಮ್ಸನ್ 1981ರಲ್ಲಿ ‘ಡಿಸಿಪ್ಲಿನ್’ ಹೊರತಂದಾಗ ಫ್ರಿಪ್, ಇನ್ನೊಬ್ಬ ಗಿಟಾರ್ ವಾದಕ ಏಡ್ರಿಯನ್ ಬೆಲ್ಯೂ, ಡ್ರಮ್ ವಾದಕ ಬಿಲ್ ಬ್ರುಫರ್ಡ್ ಜೊತೆ ಲೆವಿನ್ ಇದ್ದರು. ಆ ಆಲ್ಬಂ ತೆರೆಯುವುದೇ ನಿಮಗೆ ಆಸೆ ಹುಟ್ಟಿಸಿದ ಚಾಪ್‌ಮನ್ ಸ್ಟಿಕ್‌ನ ನಾದದಿಂದ. ಹತ್ತು ತಂತಿಗಳ ಈ ವಾದ್ಯವನ್ನು ಮೀಟುವುದಿಲ್ಲ. ಎರಡೂ ಕೈಗಳ ಬೆರಳುಗಳಿಂದ ತಂತಿಯನ್ನು ತಟ್ಟಿ ಒತ್ತಿದರೆ ಸ್ವರ ಹೊಮ್ಮುತ್ತದೆ. ಮಂದ್ರ ಒಂದು ಕೈಯಲ್ಲಿ, ಮೇಲಿನ ಸ್ವರಗಳು ಇನ್ನೊಂದರಲ್ಲಿ.

ಅಲ್ಲಿನ ‘ಫ್ರೇಮ್ ಬೈ ಫ್ರೇಮ್’ ಕೇಳಿ. ಎಣಿಕೆ ಏಳರದು, ಮಿಶ್ರಚಾಪು ಬಲ್ಲ ಕಿವಿಗೆ ಅಷ್ಟೇನೂ ಅಪರಿಚಿತವಲ್ಲ. ಎರಡು ಗಿಟಾರ್‌ಗಳು ಒಂದೇ ಸ್ವರಮಾಲೆ ಹಿಡಿದು ಹೊರಡುತ್ತವೆ. ಆಮೇಲೆ ಒಂದು ಗಿಟಾರ್ 14 ಸ್ವರಗಳ ಸುತ್ತಿನಲ್ಲೇ ಇರುತ್ತದೆ, ಇನ್ನೊಂದು ಒಂದು ಸ್ವರ ಬಿಟ್ಟು 13ಕ್ಕೆ ಇಳಿಯುತ್ತದೆ. ಪ್ರತಿ ಸುತ್ತಿಗೂ ಒಂದಿಷ್ಟು ಸರಿದು ಸರಿದು, ಮತ್ತೆ ಬಂದು ಕೂಡಿಕೊಳ್ಳುತ್ತವೆ. ಹಾಗೆ ಎರಡು ಗಿಟಾರ್ ಒಂದರಿಂದೊಂದು ದೂರವಾಗುವಾಗ ಕೇಳುಗರು ಕೈಬಿಟ್ಟು ಹೋಗದಂತೆ ನೆಲ ಹಿಡಿದಿಡುವವರು ಯಾರು? ಕೆಳಗಿರುವ ಬೇಸ್ ಮತ್ತು ಡ್ರಮ್. ಸೈಮನ್ ಹಾಡಿನಲ್ಲಿ, ಲೆನನ್ ಹಾಡಿನಲ್ಲಿ ಲೆವಿನ್ ಮಾಡಿದ್ದೂ ಇದೇ ಕೆಲಸ. ಇತರರು ಏನು ನುಡಿಸುತ್ತಿದ್ದಾರೆಂದು ಕೇಳಿ, ಹಾಡಿಗೆ ಬೇಕಾದಷ್ಟನ್ನು ಮಾತ್ರ ಕೊಡುವುದು. ಲೆಕ್ಕ ಹೆಚ್ಚು ಬಿಗಿಯಾಯಿತು, ಕೆಲಸ ಬೇರೆಯಾಗಲಿಲ್ಲ.

ಮುಂದಿನ ಪಟ್ಟಿ ಬಹು ಉದ್ದ. ಪಿಂಕ್ ಫ್ಲಾಯ್ಡ್‌ನ 1987ರ ಆಲ್ಬಂ, ಡ್ರೀಮ್ ಥಿಯೇಟರ್ ರಾಕ್ ತಂಡದ ಗೆಳೆಯರೊಂದಿಗೆ ಕೂಡಿದ ಲಿಕ್ವಿಡ್ ಟೆನ್ಷನ್ ಎಕ್ಸ್‌ಪೆರಿಮೆಂಟ್ ತಂಡ, ಅಣ್ಣತಮ್ಮಂದಿರೇ ಸೇರಿದ ಜಾಝ್ ತಂಡ ಲೆವಿನ್ ಬ್ರದರ್ಸ್, ಹೀಗೆ. 2024ರಲ್ಲಿ, 78ನೇ ವಯಸ್ಸಿನಲ್ಲಿ, ಬೆಲ್ಯೂ, ಗಿಟಾರ್ ವಾದಕ ಸ್ಟೀವ್ ವಾಯ್, ಡ್ರಮ್ ವಾದಕ ಡ್ಯಾನಿ ಕೇರಿ ಜೊತೆ ಎಂಬತ್ತರ ದಶಕದ ಕ್ರಿಮ್ಸನ್ ರಚನೆಗಳನ್ನು ಹೊತ್ತು ಅಮೆರಿಕ ಸುತ್ತಿದರು.

ಇನ್ನು ನಿಮ್ಮ ವಿಷಯ. ‘ಕಡಿಮೆ ನುಡಿಸಪ್ಪ’ ಎನ್ನುವವರೆಲ್ಲ ಸಂಗೀತ ತಿಳಿದೇ ಹೇಳುತ್ತಾರೆ ಎನ್ನಲಾರೆ. ಎಷ್ಟೋ ಕಡೆ ಸೌಂಡ್ ಸಿಸ್ಟಂ ಕೆಟ್ಟದ್ದಿರುತ್ತದೆ, ಬೇಸ್ ಎಂದರೆ ಬರೀ ಗುಂಯ್ ಎಂಬ ಸದ್ದು. ಗಾಯಕರ ಹೆಸರು ಬ್ಯಾನರ್ ಮೇಲೆ, ನೀವು ಕೀಬೋರ್ಡಿನ ಹಿಂದೆ. ಆ ನೋವು ನಿಜ, ಅದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಆದರೂ ಮುಂದಿನ ಕಾರ್ಯಕ್ರಮದಲ್ಲಿ ಒಂದು ಹಾಡನ್ನು ಆರಿಸಿಕೊಂಡು, ಪಲ್ಲವಿಯಲ್ಲಿ ನೀವು ನುಡಿಸುವ ಸ್ವರಗಳಲ್ಲಿ ಅರ್ಧ ತೆಗೆದುಹಾಕಿ. ಉಳಿದವುಗಳ ಉದ್ದವನ್ನು, ಅವು ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸಿ ನುಡಿಸಿ. ಚರಣದಲ್ಲಿ ಮತ್ತೆ ತುಂಬಿಸಿ. ಡ್ರಮ್‌ನವರು ನಿಮ್ಮ ಕಡೆ ತಿರುಗಿ ನೋಡದಿದ್ದರೆ ನನಗೆ ಬರೆಯಿರಿ.

ಮೇಲಿನ ಹಾಡುಗಳನ್ನು ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ. ಬೇಸ್‌ನ ಅತಿ ದಪ್ಪ ತಂತಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 41. ಅಷ್ಟು ಕೆಳಗಿನ ನಾದವನ್ನು ಆ ಪುಟ್ಟ ಸ್ಪೀಕರ್ ಹೊರಡಿಸಲಾರದು. ಒಳ್ಳೆಯ ಹೆಡ್‌ಫೋನ್ ಯಾರಿಂದಾದರೂ ಎರವಲು ಪಡೆದಾದರೂ ಕೇಳಿ.

ಸ್ಟಿಕ್ ಕ್ಯಾಲಿಫೋರ್ನಿಯಾದಿಂದ ತರಿಸಬೇಕಾದ ದುಬಾರಿ ವಾದ್ಯ. ನಿಮ್ಮೂರಲ್ಲಿ ಅದನ್ನು ಕಲಿಸುವವರು ಸಿಗುವುದೂ ಕಷ್ಟ. ಮುಂದೆಂದಾದರೂ ಕೈಕೂಡಿದರೆ ಖಂಡಿತ ಕೊಳ್ಳಿ, ನನಗೂ ಸಂತೋಷ. ಆದರೆ ಅದಕ್ಕಾಗಿ ಬೇಸ್ ಮಾರಬೇಡಿ. ಸ್ಟಿಕ್ ಕೈಗೆ ಬಂದು ದಶಕಗಳಾದರೂ ಲೆವಿನ್ ತಮ್ಮ ಬೇಸ್ ಕೆಳಗಿಟ್ಟಿಲ್ಲ.

— ಸಂಪಾದಕ